ವಿಮೆ ಬೇಡವಾದರೆ ಹಣ ಎಲ್ಲಿಂದ?

ಕೇಳುಗರೆಲ್ಲರಿಗೂ ನಮಸ್ಕಾರ.

ಆರೋಗ್ಯ ವಿಮೆಯನ್ನು ನವೀಕರಿಸಿ ಎಂಬ ಸಂದೇಶ ಮೊಬೈಲಿಗೆ ಬಂದ ದಿನ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಒಂದೇ ಮಾತು ನಡೆಯುತ್ತದೆ. ಕಂತು ಕಳೆದ ವರ್ಷಕ್ಕಿಂತ ಏರಿದೆ. ಇಷ್ಟು ವರ್ಷ ಕಟ್ಟಿದ್ದರಲ್ಲಿ ಒಂದು ರೂಪಾಯಿಯೂ ಮರಳಿ ಬಂದಿಲ್ಲ. ಮಕ್ಕಳ ಶಾಲೆಯ ಶುಲ್ಕ ಬಾಕಿಯಿದೆ, ಮನೆ ಬಾಡಿಗೆ ಹೆಚ್ಚಾಗಿದೆ. ಈ ವರ್ಷ ವಿಮೆಯನ್ನು ಬಿಟ್ಟುಬಿಡೋಣವೇ?

ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ನೆರೆಹೊರೆಯವರು ಪಾಲಿಸಿಯ ಕಾಗದಗಳನ್ನು ಹಿಡಿದು ಬಂದರೆ ಜೊತೆಗೆ ಕುಳಿತು ಓದುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಖಾಸಗಿ ವಿಮೆಯಿಲ್ಲದೆ ಬದುಕಬಲ್ಲ ಕುಟುಂಬಗಳು ಈ ಊರಿನಲ್ಲಿ ಇವೆ. ಆದರೆ ನಮಗೆ ವಿಮೆ ಬೇಡ ಎಂದು ನನ್ನ ಮುಂದೆ ಹೇಳಿದ ಮಧ್ಯಮ ವರ್ಗದವರಲ್ಲಿ ಹೆಚ್ಚಿನವರು ಆ ಗುಂಪಿಗೆ ಸೇರಿದವರಲ್ಲ.

ಬೇಡ ಎನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ವರ್ಷಕ್ಕೆ 30,000 ರೂಪಾಯಿ ಕಂತು ಎಂದಿಟ್ಟುಕೊಳ್ಳಿ. ಅದನ್ನೇ ತಿಂಗಳಿಗೆ 2,500 ರೂಪಾಯಿಯಂತೆ ಆರ್‌ಡಿ, ಅಂದರೆ ಬ್ಯಾಂಕಿನ ತಿಂಗಳ ಕಂತಿನ ಠೇವಣಿ ಕಟ್ಟಿದರೆ ಹತ್ತು ವರ್ಷಕ್ಕೆ ಅಸಲೇ ಮೂರು ಲಕ್ಷವಾಗುತ್ತದೆ, ಬಡ್ಡಿ ಬೇರೆ. ಕಾಯಿಲೆ ಬಾರದಿದ್ದರೆ ಹಣ ನಮ್ಮದೇ. ಕ್ಲೈಮ್ ತಿರಸ್ಕಾರವಾಯಿತು ಎಂದು ಯಾರ ಬಾಗಿಲಿಗೂ ಅಲೆಯಬೇಕಾಗಿಲ್ಲ. ಈ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಕಾಯಿಲೆ ಹತ್ತನೆಯ ವರ್ಷದವರೆಗೆ ಕಾಯಬೇಕಲ್ಲ? ಎರಡನೆಯ ವರ್ಷದಲ್ಲಿ ಮನೆಯ ಯಜಮಾನನಿಗೆ ಹೃದಯಾಘಾತವಾದರೆ ಆರ್‌ಡಿಯಲ್ಲಿ ಇರುವುದು ಐವತ್ತು ಅರವತ್ತು ಸಾವಿರ. ಖಾಸಗಿ ಆಸ್ಪತ್ರೆಯ ಬಿಲ್ ಅಷ್ಟಕ್ಕೆ ನಿಲ್ಲುವುದಿಲ್ಲ.

ಆಗ ಉಳಿದ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ನಾನು ಬ್ಯಾಂಕಿನ ಚಿನ್ನದ ಸಾಲದ ವಿಭಾಗದಲ್ಲಿ ಕುಳಿತು ನೋಡಿದ್ದೇನೆ. ಆಸ್ಪತ್ರೆಯಲ್ಲಿ ಅಡ್ವಾನ್ಸ್ ಕೇಳಿದ್ದಾರೆ ಎಂದು ಬೆಳಿಗ್ಗೆ ಬ್ಯಾಂಕ್ ತೆರೆಯುವ ಮೊದಲೇ ಬಂದು ನಿಲ್ಲುತ್ತಿದ್ದರು. ಒಬ್ಬ ಹೆಣ್ಣುಮಗಳು ತಾಳಿಯನ್ನು ಸರದಿಂದ ಬಿಡಿಸಿ, ಅರಿಶಿನ ಹಚ್ಚಿದ ದಾರಕ್ಕೆ ಪೋಣಿಸಿಕೊಂಡು, ಸರವನ್ನು ಮಾತ್ರ ಮೇಜಿನ ಮೇಲಿಟ್ಟಿದ್ದರು. ಮೌಲ್ಯಮಾಪಕರು ಅದನ್ನು ಒರೆಗಲ್ಲಿಗೆ ಉಜ್ಜಿ ತೂಗುವಷ್ಟು ಹೊತ್ತೂ ಆಕೆಯ ಮೊಬೈಲ್ ಬಡಿದುಕೊಳ್ಳುತ್ತಲೇ ಇತ್ತು. ಒಡವೆ ಸಾಲದಿದ್ದರೆ ಚೀಟಿ ಕೂಗಿ ಎತ್ತುತ್ತಾರೆ, ಆಮೇಲೆ ಕೈಸಾಲ, ಕೊನೆಗೆ ಊರಿನಲ್ಲಿರುವ ಅರ್ಧ ಎಕರೆ. ಆದ್ದರಿಂದ ವಿಮೆ ಬೇಡ ಎನ್ನುವ ಗಂಡಹೆಂಡತಿಗೆ ನಾನು ಕೇಳುವ ಪ್ರಶ್ನೆ ಒಂದೇ. ನಾಳೆ ಮಧ್ಯಾಹ್ನದೊಳಗೆ ಎರಡು ಲಕ್ಷ ಹೊಂದಿಸಬೇಕಾದರೆ, ಮುಂದಿನ ಹದಿನೈದು ದಿನಗಳಲ್ಲಿ ಇನ್ನೂ ನಾಲ್ಕು ಲಕ್ಷ ಬೇಕಾದರೆ, ಅದು ಎಲ್ಲಿಂದ ಬರುತ್ತದೆ? ಬ್ಯಾಂಕಿನಲ್ಲಿ ಠೇವಣಿ ಇದೆ, ಅದು ಹೋದರೂ ಮನೆ, ಮಕ್ಕಳ ಓದು ಅಲುಗಾಡುವುದಿಲ್ಲ ಎನ್ನುವವರು ವಿಮೆಯಿಲ್ಲದೆ ಇರಬಹುದು. ಅವರೊಂದಿಗೆ ನಾನು ವಾದಿಸುವುದಿಲ್ಲ.

ಖಾಸಗಿ ಪಾಲಿಸಿ ಇಲ್ಲದೆಯೂ ನಡೆಯಬಹುದಾದ ಇನ್ನೊಂದು ಗುಂಪು, ಈಗಾಗಲೇ ಬೇರೆ ರಕ್ಷಣೆ ಇರುವವರದು. ಪೀಣ್ಯದ ಕಾರ್ಖಾನೆಗಳಲ್ಲಿ, ಸಿದ್ಧ ಉಡುಪಿನ ಘಟಕಗಳಲ್ಲಿ ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಪಡೆಯುವವರು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆಯ ವ್ಯಾಪ್ತಿಗೆ ಬರುತ್ತಾರೆ. ನೌಕರನ ಸಂಬಳದಿಂದ ಹಿಡಿಯುವುದು ಶೇಕಡಾ 0.75, ಮಾಲೀಕ ಕಟ್ಟುವುದು ಶೇಕಡಾ 3.25. ಹೆಂಡತಿ ಮಕ್ಕಳ ಜೊತೆಗೆ ಅವಲಂಬಿತ ತಂದೆತಾಯಿಗೂ ಚಿಕಿತ್ಸೆ ಉಂಟು. ದಿನನಿತ್ಯದ ಔಷಧಿಗೆ ಬಡಾವಣೆಯ ಡಿಸ್ಪೆನ್ಸರಿ, ದೊಡ್ಡ ಕಾಯಿಲೆಗೆ ರಾಜಾಜಿನಗರದ ಆಸ್ಪತ್ರೆ. ಖಾಸಗಿ ಆರೋಗ್ಯ ವಿಮೆ ಸಾಮಾನ್ಯವಾಗಿ ಹೊರರೋಗಿ ಚಿಕಿತ್ಸೆಗೆ, ತಿಂಗಳ ಮಾತ್ರೆಗೆ ಹಣ ಕೊಡುವುದಿಲ್ಲ, ಇಎಸ್‌ಐ ಕೊಡುತ್ತದೆ. ಕಾಯಬೇಕು, ಸರದಿಯಲ್ಲಿ ನಿಲ್ಲಬೇಕು, ನಿಜ. ಆದರೂ ಇಷ್ಟು ಕಡಿಮೆ ವಂತಿಗೆಗೆ ಇಷ್ಟು ಅಗಲವಾದ ರಕ್ಷಣೆಯನ್ನು ಬೇರೆ ಯಾರೂ ಕೊಡುತ್ತಿಲ್ಲ.

ಬಿಪಿಎಲ್ ಪಡಿತರ ಚೀಟಿ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಕೊಡುವುದು ತಾನೇ ಗೊತ್ತುಮಾಡಿದ ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಈ ವ್ಯತ್ಯಾಸವನ್ನು ದಯವಿಟ್ಟು ಗಮನಿಸಿ. ಕೈಯಲ್ಲಿ ಕಾರ್ಡ್ ಇದೆ, ಇನ್ನೇನು ಚಿಂತೆ ಎಂದು ನೆಮ್ಮದಿಯಾಗಿರುವ ಎಪಿಎಲ್ ಕುಟುಂಬ ನೂರರಲ್ಲಿ ಎಪ್ಪತ್ತು ರೂಪಾಯಿಯನ್ನು ತಾನೇ ಭರಿಸಬೇಕಾಗುತ್ತದೆ. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದಾಗ ಅವರ ಪತ್ರದೊಂದಿಗೆ ಖಾಸಗಿ ಆಸ್ಪತ್ರೆಗೆ. ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ ದಾಖಲಾಗಿ, ಆಮೇಲೆ ಕಾರ್ಡ್ ತೋರಿಸಿದವರು ಬಹಳ ಕಷ್ಟಪಟ್ಟಿದ್ದಾರೆ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಯನ್ನೂ ವಿಚಾರಿಸಿ. 2018ರಲ್ಲಿ ನಿಂತಿದ್ದ ಅದು ಮತ್ತೆ ಆರಂಭವಾಗಿದೆ, ನಗರದ ಸಹಕಾರ ಸಂಘಗಳ ಸದಸ್ಯರಿಗೂ ಅದರಲ್ಲಿ ಅವಕಾಶವಿದೆ.

ಬೆಂಗಳೂರಿನವರಿಗೆ ಇನ್ನೊಂದು ಭಾಗ್ಯವಿದೆ. ಹೃದಯಕ್ಕೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ, ಮಿದುಳು ಮತ್ತು ನರಕ್ಕೆ ನಿಮ್ಹಾನ್ಸ್, ಕಣ್ಣಿಗೆ ಮಿಂಟೋ, ಅಪಘಾತಕ್ಕೆ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ. ಇಡೀ ರಾಜ್ಯದವರು ರಾತ್ರಿ ಬಸ್ ಹಿಡಿದು ಬರುವ ಸಂಸ್ಥೆಗಳು ನಮಗೆ ಬಿಎಂಟಿಸಿ ದೂರದಲ್ಲಿವೆ. ವಿಮೆ ಇರಲಿ, ಇಲ್ಲದಿರಲಿ, ನಿಮ್ಮ ಮನೆಯಲ್ಲಿ ಹೃದ್ರೋಗಿ ಇದ್ದರೆ ಜಯದೇವದಲ್ಲಿ ಒಮ್ಮೆ ತೋರಿಸಿ ಅಲ್ಲಿನ ಕಡತವನ್ನು ಮಾಡಿಸಿಟ್ಟುಕೊಳ್ಳಿ. ಆದರೆ ಸರ್ಕಾರಿ ಆಸ್ಪತ್ರೆಯನ್ನೇ ನಂಬುತ್ತೇವೆ ಎಂದು ಹೇಳುವವರು ಅಲ್ಲಿಗೆ ನಿಜವಾಗಿಯೂ ಹೋಗುವವರಾಗಿರಬೇಕು. ನಡುರಾತ್ರಿ ಎದೆನೋವು ಬಂದಾಗ ಹತ್ತಿರದ ಖಾಸಗಿ ಆಸ್ಪತ್ರೆಗೆ ಧಾವಿಸುವವರೇ ಹೆಚ್ಚು, ಅದು ಸಹಜವೂ ಹೌದು. ಆ ರಾತ್ರಿಯ ಲೆಕ್ಕವನ್ನೂ ಹಾಕಿರಬೇಕು.

ಐ.ಟಿ. ಕಂಪನಿಗಳಲ್ಲಿ ಇರುವವರು ಕಚೇರಿಯೇ ವಿಮೆ ಮಾಡಿಸಿದೆ ಎನ್ನುತ್ತಾರೆ. ಒಳ್ಳೆಯದೇ. ಸಾಮಾನ್ಯವಾಗಿ ಅದರಲ್ಲಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಹಣ ಸಿಗುತ್ತದೆ. ಆದರೆ ಕೆಲಸ ಹೋದ ದಿನ ವಿಮೆಯೂ ಹೋಗುತ್ತದೆ. ನಲವತ್ತೆಂಟನೆಯ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆ ಬಂದ ಮೇಲೆ, ಕೆಲಸವಿಲ್ಲದಾಗ ಹೊಸ ಪಾಲಿಸಿ ಹುಡುಕುವುದು ಬಹಳ ಕಷ್ಟ. ರಾಜೀನಾಮೆ ಕೊಡುವ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗುವುದು ಹೇಗೆ ಎಂದು ಕೇಳಿಕೊಳ್ಳಿ, ಆ ಅವಕಾಶ ನಿಯಮದಲ್ಲಿದೆ. ಕಚೇರಿಯ ವಿಮೆ ಇರುವಾಗಲೇ ಸ್ವಂತದ್ದೊಂದು ಚಿಕ್ಕ ಪಾಲಿಸಿಯನ್ನು ಮಾಡಿಟ್ಟುಕೊಳ್ಳುವುದು ಇನ್ನೂ ಮೇಲು.

ಇಲ್ಲಿ ಕಾಯುವ ಅವಧಿಯ ಮಾತು ಬರುತ್ತದೆ. ಈ ವರ್ಷ ಬಿಟ್ಟು ಮುಂದಿನ ವರ್ಷ ಮಾಡಿಸೋಣ ಎನ್ನುವವರು ಇದನ್ನು ಮರೆತಿರುತ್ತಾರೆ. ಹೊಸ ಪಾಲಿಸಿಯಲ್ಲಿ ಅಪಘಾತವೊಂದನ್ನು ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲ 30 ದಿನ ಹಣ ಸಿಗುವುದಿಲ್ಲ. ಕಣ್ಣಿನ ಪೊರೆ, ಹರ್ನಿಯಾದಂಥವಕ್ಕೆ ಸಾಮಾನ್ಯವಾಗಿ ಎರಡು ವರ್ಷ. ಮೊದಲೇ ಇದ್ದ ಬಿ.ಪಿ., ಸಕ್ಕರೆ ಕಾಯಿಲೆ ಮುಂತಾದವಕ್ಕೆ ಗರಿಷ್ಠ ಮೂರು ವರ್ಷ. 2024ರವರೆಗೆ ಇದು ನಾಲ್ಕು ವರ್ಷವಿತ್ತು. ವಾರ್ಷಿಕ ಕಂತಿಗೆ ಕೊಡುವ 30 ದಿನಗಳ ಹೆಚ್ಚುವರಿ ಗಡುವೂ ಮೀರಿ ಪಾಲಿಸಿ ತಪ್ಪಿಹೋದರೆ ಅಲ್ಲಿಯವರೆಗೆ ಕಾದದ್ದೆಲ್ಲ ನೀರಿನಲ್ಲಿ ಹೋಮ. ಕಂತು ಹೊರೆಯಾಗಿದ್ದರೆ ವಿಮೆಯ ಮೊತ್ತವನ್ನು ತಗ್ಗಿಸಿಕೊಳ್ಳಿ, ನವೀಕರಣಕ್ಕೆ ಮುಂಚೆ ಬೇರೆ ಕಂಪನಿಗೆ ವರ್ಗಾಯಿಸಿಕೊಳ್ಳಿ. ವರ್ಗಾಯಿಸಿದರೆ ಕಾದ ವರ್ಷಗಳು ಜೊತೆಯಲ್ಲೇ ಬರುತ್ತವೆ. ಬಿಡಬೇಡಿ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಹಳೆಯ ಅಂಕಿಯನ್ನೇ ನೆನೆದು ಬೆದರಬೇಡಿ.

ಪಾಲಿಸಿ ಕೊಳ್ಳುವುದಾದರೆ ದೊಡ್ಡ ಖರ್ಚಿನ ಹೊಡೆತಕ್ಕೆಂದು ಮಾತ್ರ ಕೊಳ್ಳಿ. ಜ್ವರ, ಹಲ್ಲು, ಕನ್ನಡಕ ಇವೆಲ್ಲ ಕೈಯಿಂದ ಹೋಗಲಿ, ಅದಕ್ಕೆ ಆರ್‌ಡಿ ಸಾಕು. ಮೊದಲ ಮೂರು ಲಕ್ಷವನ್ನು ಉಳಿತಾಯದಿಂದಲೋ ಕಚೇರಿಯ ವಿಮೆಯಿಂದಲೋ ಭರಿಸಬಲ್ಲಿರಾದರೆ, ಅದರ ಮೇಲಿನ ಖರ್ಚಿಗೆ ಮಾತ್ರ ಅನ್ವಯಿಸುವ ಸೂಪರ್ ಟಾಪ್‌ಅಪ್ ಪಾಲಿಸಿಯ ಕಂತು ಬಹಳ ಕಡಿಮೆ.

ಕೋಣೆಯ ಬಾಡಿಗೆಯ ಷರತ್ತನ್ನು ಓದದೆ ಸಹಿ ಹಾಕಬೇಡಿ. ಮೂರು ಲಕ್ಷದ ಪಾಲಿಸಿಯಲ್ಲಿ ಕೋಣೆಗೆ ದಿನಕ್ಕೆ ವಿಮೆಯ ಮೊತ್ತದ ಶೇಕಡಾ 1ರ ಮಿತಿ ಇದೆ ಎನ್ನಿ. ಅಂದರೆ 3,000 ರೂಪಾಯಿ. ನೀವು 6,000 ರೂಪಾಯಿಯ ಕೋಣೆಯಲ್ಲಿ ಐದು ದಿನ ಇದ್ದಿರಿ, ಒಟ್ಟು ಬಿಲ್ ಎರಡು ಲಕ್ಷ. ಕೋಣೆಯ 30,000ದಲ್ಲಿ ಕಂಪನಿ ಕೊಡುವುದು 15,000. ಅಷ್ಟಕ್ಕೇ ಮುಗಿಯುವುದಿಲ್ಲ. ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿ ಎಲ್ಲ ಸೇರಿ 1,10,000 ಆಗಿದ್ದರೆ ಅದಕ್ಕೂ ಅದೇ ಅನುಪಾತ, ಸಿಗುವುದು 55,000. ಔಷಧಿ ಮತ್ತು ಪರೀಕ್ಷೆಗಳ 60,000 ಮಾತ್ರ ಈ ಕಡಿತದಿಂದ ಹೊರಗೆ. ಕೋಣೆಯಲ್ಲಿ ಆದ ಹೆಚ್ಚುವರಿ 15,000, ಶುಲ್ಕಗಳಲ್ಲಿ ಕಡಿತವಾದ 55,000. ನಿಮ್ಮ ಕೈಯಿಂದ ಹೋದದ್ದು 70,000! ವಿಮೆ ಮಾಡಿಸಿಯೂ ಮೋಸಹೋದೆವು ಎಂದು ಕಣ್ಣೀರು ಹಾಕಿದವರ ಕಾಗದಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಈ ಒಂದು ಸಾಲನ್ನು. ಇನ್ನೊಂದು ಮಾತು. ಅರ್ಜಿಯಲ್ಲಿ ಕಾಯಿಲೆಯನ್ನು ಮುಚ್ಚಿಡಬೇಡಿ. ಏನೂ ಬರೆಯಬೇಡಿ ಸರ್, ನಾನು ನೋಡಿಕೊಳ್ಳುತ್ತೇನೆ ಎನ್ನುವ ಏಜೆಂಟ್ ಕ್ಲೈಮ್ ದಿನ ನಿಮ್ಮ ಪಕ್ಕದಲ್ಲಿ ಇರುವುದಿಲ್ಲ.

ಕ್ಲೈಮ್ ತಿರಸ್ಕಾರವಾಯಿತೆಂದರೆ ಸುಮ್ಮನಾಗಬೇಡಿ. ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿಯ ಕಚೇರಿಗೆ ಹೋಗಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ದೂರು ಕೇಳುತ್ತಾರೆ.

ಕೊನೆಗೆ, ಇತ್ತೀಚೆಗೆ ನನ್ನಲ್ಲಿಗೆ ಬಂದಿದ್ದ ಒಬ್ಬ ತರುಣನ ವಿಷಯ. ಪೀಣ್ಯದಲ್ಲಿ ಯಂತ್ರ ನಡೆಸುವ ಕೆಲಸ. ಸಂಬಳ 22,000ಕ್ಕೆ ಏರಿದೆ, ಅಂದರೆ ನಡೆಯುತ್ತಿರುವ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ಇಎಸ್‌ಐಯಿಂದ ಹೊರಗೆ. ಕಾಮಾಕ್ಷಿಪಾಳ್ಯದ ಬಾಡಿಗೆ ಮನೆಯಲ್ಲಿ ಹೆಂಡತಿ, ಮೂರು ವರ್ಷದ ಮಗಳು, ಸಕ್ಕರೆ ಕಾಯಿಲೆಯ ತಾಯಿ. ನಾಲ್ವರನ್ನೂ ಒಂದೇ ಪಾಲಿಸಿಗೆ ಸೇರಿಸಿದರೆ ತಾಯಿಯ ವಯಸ್ಸಿನಿಂದಾಗಿ ಕಂತು ಅವರ ಅಳವಿಗೆ ಮೀರುತ್ತಿತ್ತು. "ಅಮ್ಮನನ್ನು ಬಿಟ್ಟು ನಾವು ಮಾತ್ರ ಮಾಡಿಸಿಕೊಳ್ಳುವುದು ಹೇಗೆ ಸರ್?" ಎಂದರು. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ನಾನು ಹೇಳಿದ್ದು, ದುಡಿಯುವವನಿಗೇ ರಕ್ಷಣೆ ಇಲ್ಲದಿದ್ದರೆ ತಾಯಿಯನ್ನು ನೋಡಿಕೊಳ್ಳುವವರು ಯಾರು ಎಂದು. ಮೂವರಿಗೆ ಐದು ಲಕ್ಷದ ಪಾಲಿಸಿ, ತಾಯಿಯ ಹೆಸರಿನಲ್ಲಿ ತಿಂಗಳಿಗೆ 1,000 ರೂಪಾಯಿಯ ಆರ್‌ಡಿ, ಆರೋಗ್ಯ ಕರ್ನಾಟಕದ ಕಾರ್ಡ್, ಮಾತ್ರೆಗಳಿಗೆ ಜನೌಷಧಿ ಕೇಂದ್ರ, ಹೀಗೆ ಗೊತ್ತುಮಾಡಿಕೊಂಡರು. ಪಾಲಿಸಿ ಕೈಗೆ ಬಂದ ಮೇಲೆ ಇಬ್ಬರೂ ಕುಳಿತು ಓದಿದೆವು. ಏಜೆಂಟ್ ಇಲ್ಲ ಎಂದಿದ್ದ ಕೋಣೆ ಬಾಡಿಗೆಯ ಮಿತಿ ಒಳಪುಟದಲ್ಲಿ ಇತ್ತು. ಇಷ್ಟವಾಗದ ಹೊಸ ಪಾಲಿಸಿಯನ್ನು 30 ದಿನಗಳೊಳಗೆ ಮರಳಿಸಲು ಅವಕಾಶವಿದೆ. ಅವರು ಮರಳಿಸಿದರು, ಆ ಮಿತಿಯಿಲ್ಲದ ಇನ್ನೊಂದನ್ನು ಕೊಂಡರು.

ನಮಸ್ಕಾರ.