ದರಿಯಾ ದೌಲತ್‌ನಲ್ಲಿ ಒಂದು ಗಂಟೆ ಸುಮ್ಮನೆ

ಎಲ್ಲರಿಗೂ ನಮಸ್ಕಾರ. ಮೈಸೂರಿನವರ ಮುಂದೆ ನಿಂತು ಶ್ರೀರಂಗಪಟ್ಟಣದ ಬಗ್ಗೆ ಹೇಳುವುದೆಂದರೆ ಮಂಡ್ಯದಲ್ಲಿ ಬೆಲ್ಲ ಮಾರಿದ ಹಾಗೆ. ಆದರೂ ಒಪ್ಪಿಕೊಂಡೆ, ಒಂದು ಜಗಳ ಬಾಕಿ ಇದೆ ಅಂತ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅನ್ನುವ ಜಗಳವಲ್ಲ, ಅದಕ್ಕೆ ಟೀವಿ ಇದೆ. ನನ್ನ ಜಗಳ ನಿಮ್ಮ ಜೊತೆ. ಅಲ್ಲಿನ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ನೀವೆಲ್ಲ ಹೋಗಿದ್ದೀರಿ. ಆದರೆ ಆ ತೋಟದಲ್ಲಿ ಕೂತವರು ಎಷ್ಟು ಜನ? ಕೈ ಎತ್ತಿ. ನಾಲ್ಕು. ಐದು. ಸಾರ್, ನಿಮ್ಮದು ಕೈಯೋ, ತಲೆ ಕೆರೆದುಕೊಂಡಿದ್ದೋ? ಸರಿ, ನಾಲ್ಕೇ.

ನಾನೂ ಕೂತವನಲ್ಲ, ಕೂತದ್ದು ನಮ್ಮ ಸೋದರತ್ತೆ. ಕೆ.ಆರ್. ಪೇಟೆ ಕಡೆಯವರು, ಹುಟ್ಟಿದಾಗಿನಿಂದ ತೆಂಗು, ಬಾಳೆ, ಕನಕಾಂಬರದ ನಡುವೆಯೇ ಬದುಕಿದವರು. ಒಂದು ಸಲ ಮನೆಮಂದಿಯೆಲ್ಲ ಟೆಂಪೋ ಮಾಡಿಕೊಂಡು ಹೊರಟೆವು. ಕ್ರಮ ನಿಮಗೆ ಗೊತ್ತೇ ಇದೆ: ರಂಗನಾಥ, ನಿಮಿಷಾಂಬ, ಹೈದರ್-ಟಿಪ್ಪು ಸಮಾಧಿ ಇರುವ ಗುಂಬಜ್, ಸಂಗಮ, ಸಂಜೆಗೆ ರಂಗನತಿಟ್ಟು. ದರಿಯಾ ದೌಲತ್ ಬಂದಾಗ ಡ್ರೈವರ್ 'ಇಪ್ಪತ್ತೇ ನಿಮಿಷ' ಅಂದ. ಅತ್ತೆಗೆ ಮಂಡಿನೋವು. 'ಮೆಟ್ಟಿಲು ನನ್ ಕೈಲಾಗಕಿಲ್ಲ ಕಣಪ್ಪ, ನೀವ್ ಹೋಗ್ಬನ್ನಿ' ಅಂದವರೇ ಒಂದು ಮರದ ಕೆಳಗೆ ಸೆರಗು ಹಾಸಿ ಕೂತುಬಿಟ್ಟರು. ನಾವು ಓಡಿದೆವು. ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಪೊಲ್ಲಿಲೂರಿನ ಯುದ್ಧವನ್ನು ಗೋಡೆಯ ಮೇಲೆ ನೋಡಿದೆವು, ಬ್ರಿಟಿಷ್ ಸೇನಾಪತಿ ಬೈಲಿ ನೋಡಿದೆವು, ಹೊರಗೆ ಬಂದೆವು. ಅತ್ತೆ ಏಳಲೊಲ್ಲರು.

'ಒಳಗೇನಿತ್ತು?' ಅಂದರು. ಯುದ್ಧದ ಚಿತ್ರ ಅಂದೆ. 'ಯುದ್ಧಕ್ಕೆ ಕೋಟೆ ಇತ್ತಲ್ಲ, ಇಲ್ಲಿಗ್ಯಾಕೆ ಬಂದ ಅವನು?' ಎಂ.ಎ. ಇತಿಹಾಸ ಓದಿದ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವರೇ ಅಂದರು, 'ಹೊಳೆ ಗಾಳಿ ಬಿಟ್ಕೊಂಡು ಸುತ್ತ ಜಗಲಿ ಇಟ್ಟವ್ನೆ. ಮನೆ ತೋಟಕ್ಕೋಸ್ಕರ ಬಂದದ್ದು ಕಣ್ಲಾ, ತೋಟ ಮನೆಗಲ್ಲ.'

ಇವತ್ತಿನ ನನ್ನ ಉಪನ್ಯಾಸ ಇಷ್ಟೇ. ಉಳಿದದ್ದೆಲ್ಲ ಟಿಪ್ಪಣಿ.

ಹೆಸರನ್ನೇ ನೋಡಿ. ಮಹಲ್ ಅನ್ನಲಿಲ್ಲ, ಬಾಗ್ ಅಂದರು, ಅಂದರೆ ತೋಟ. ದರಿಯಾ ದೌಲತ್ ಅಂದರೆ ಹೊಳೆಯ ಸಂಪತ್ತು. ಯಜಮಾನನ ಹೆಸರಿಲ್ಲ, ನೀರಿನ ಹೆಸರಿದೆ. 1784ರಲ್ಲಿ ಕೋಟೆಯ ಹೊರಗೆ, ಕಾವೇರಿ ದಂಡೆಯಲ್ಲಿ, ಬೇಸಿಗೆಗೆಂದು ಕಟ್ಟಿದ್ದು. ಬಹುಪಾಲು ತೇಗದ ಮರ. ಒಳಗೆ ಹೋದರೆ ಕಂಬ, ಗೋಡೆ, ಚಾವಣಿ ಎಲ್ಲ ಕಡೆ ಹೂಬಳ್ಳಿ. ಹೊರಗಿನ ತೋಟ ಹೊಸ್ತಿಲು ದಾಟಿ ಒಳಕ್ಕೆ ಹಬ್ಬಿದ ಹಾಗೆ. ಅತ್ತೆ ಒಳಗೆ ಕಾಲಿಡದೆಯೇ ಇದನ್ನು ಹೇಳಿದ್ದರು. ಮನೆ ತೋಟಕ್ಕೋಸ್ಕರ.

ಆ ಕಾಲದ ತೋಟ ಹೇಗಿತ್ತು? 1800ರಲ್ಲಿ ಇಂಗ್ಲಿಷರ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲೆಲ್ಲ ತಿರುಗಿದ. ಬೆಂಗಳೂರಿನಲ್ಲಿ ಹೈದರ್-ಟಿಪ್ಪು ಮಾಡಿಸಿದ ತೋಟ ನೋಡಿ ಬರೆದಿಟ್ಟಿದ್ದಾನೆ: ಚೌಕ ಚೌಕ ಪಾತಿ, ನಡುವೆ ದಾರಿ, ದಾರಿಯ ಅಂಚಿಗೆ ಸೈಪ್ರಸ್. ಒಂದು ಚೌಕದ ತುಂಬ ಗುಲಾಬಿಯಾದರೆ ಇನ್ನೊಂದರ ತುಂಬ ದಾಳಿಂಬೆ. ಟಿಪ್ಪು 1787ರಲ್ಲಿ ಫ್ರಾನ್ಸಿಗೆ ಕಳಿಸಿದ ರಾಯಭಾರಿಗಳು ಅಲ್ಲಿನ ರಾಜನ ಮುಂದೆ ಸೈನ್ಯ ಕೇಳಿದರು, ಅದು ಎಲ್ಲರಿಗೂ ಗೊತ್ತು. ಬೀಜ, ಗಿಡ, ಮಾಲಿಗಳನ್ನೂ ಕೇಳಿದರು. ಸೈನ್ಯ ಬರಲಿಲ್ಲ.

ಈಗ ದರಿಯಾ ದೌಲತ್‌ನಲ್ಲಿ ಏನಿದೆ? ಹುಲ್ಲುಹಾಸು. ಅಚ್ಚುಕಟ್ಟಾಗಿದೆ, ಇಲ್ಲ ಅನ್ನಲ್ಲ. ಆದರೆ ಈ ಹುಲ್ಲುಹಾಸಿನ ಹುಚ್ಚು ಇಂಗ್ಲಿಷರು ಬಿಟ್ಟುಹೋದದ್ದು. ಟಿಪ್ಪುವನ್ನು ಸೋಲಿಸಿದ್ದು ಸಾಲದು ಅಂತ ಅವನ ಪಾತಿಯ ಮೇಲೂ ಹುಲ್ಲು ಬೆಳೆಸಿದಂತಿದೆ. ಚಪ್ಪಾಳೆ ಬೇಡ, ಸಮಯ ಹೋಗುತ್ತದೆ.

ಅಧ್ಯಕ್ಷರು ಗಡಿಯಾರ ನೋಡಿದರು. ಆರು ವಿಷಯ ಬರೆದುಕೊಂಡು ಬಂದಿದ್ದೆ, ಎರಡನೆಯದರಲ್ಲಿದ್ದೇನೆ. ಬೇಗ ಹೇಳುತ್ತೇನೆ. 1799ರಲ್ಲಿ ಟಿಪ್ಪು ಸತ್ತ ನಂತರ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಈ ಮನೆಯಲ್ಲಿ ಬಿಡಾರ ಹೂಡಿದ, ಹಾಳಾದ ಚಿತ್ರಗಳನ್ನು ರಿಪೇರಿ ಮಾಡಿಸಿದ. ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೊಮ್ಮೆ ಬರೆಸಿದ. ತಮ್ಮವರೇ ಸೋತ ಚಿತ್ರವನ್ನು ತಾವೇ ದುಡ್ಡು ಕೊಟ್ಟು ಬರೆಸಿದ್ದು, ಇದಕ್ಕೊಂದು ಬೇರೆ ಉಪನ್ಯಾಸ ಬೇಕು. ಕೋಟೆಯೊಳಗಿನ ಅರಮನೆ ಮಾತ್ರ ಉಳಿಯಲಿಲ್ಲ. ಅದರ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋದವು. ತೋಟದ ಮನೆ ಉಳಿಯಿತು. ಗುಂಬಜ್ ಬಗ್ಗೆ, ಅಲ್ಲಿನ ಸೈಪ್ರಸ್ ಸಾಲಿನ ಬಗ್ಗೆ, ಇನ್ನೊಂದು ಸಲ.

ಪಶ್ಚಿಮದ ಗೋಡೆಗೆ ಮಾತ್ರ ಒಂದು ನಿಮಿಷ ಕೊಡಿ. ಬಿಸಿಲು ಬೀಳದಂತೆ ಹಸಿರು ಪರದೆ ಇಳಿಬಿಟ್ಟಿರುತ್ತಾರೆ, ಅದರ ಹಿಂದಿನ ಗೋಡೆ. 1780ರ ಸೆಪ್ಟೆಂಬರ್. ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ, ಪಲ್ಲಕ್ಕಿಯಲ್ಲಿ ಬೈಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಮಕ್ಕಳು ಫೋಟೋ ತೆಗೆಯುವುದು ಇದನ್ನೇ. ಈ ಕಡೆ ಹೈದರ್, ಟಿಪ್ಪು ಸವಾರಿ ಹೊರಟಿದ್ದಾರಲ್ಲ, ಅವರ ಕೈ ನೋಡಿ. ಹೂ ಮೂಸುತ್ತಿದ್ದಾರೆ. ಯುದ್ಧಭೂಮಿಯಲ್ಲಿ!

ಇದನ್ನು ಕಂಡುಹಿಡಿದದ್ದೂ ನಾನಲ್ಲ. ಮಂಡಿ ಆಪರೇಷನ್ ಆದ ಮೇಲೆ ಅತ್ತೆ ಮತ್ತೆ ಬಂದರು, ಕೈಹಿಡಿದು ಹತ್ತಿಸಿದೆ. ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಫಿರಂಗಿ ನೋಡಲಿಲ್ಲ, ಬೈಲಿಯನ್ನು ಕೇಳಲಿಲ್ಲ. 'ಗುಲಾಬಿ ಕಣ್ಲಾ' ಅಂದರು. ಇಳಿದು ಬಂದವರೇ ನೇರ ಮಾಲಿಯ ಹತ್ತಿರ ಹೋಗಿ, 'ಅಲ್ಲಿ ಹೂವ ಐತೆ, ಗಿಡ ಎಲ್ಲಪ್ಪಾ?' ಅಂತ ಕೇಳಿದರು.

ಅವನು ಮಿಷಿನ್ ನಿಲ್ಲಿಸಿ ಅಂದ, 'ಅದೆಲ್ಲ ಗೊತ್ತಿಲ್ಲ ಅಜ್ಜಿ, ನನಗೆ ಹುಲ್ಲು ಕತ್ತರಿಸೋ ಕೆಲಸ.'

ಚೀಟಿ ಬಂತು, ಕಾಫಿ ಆರುತ್ತಿದೆಯಂತೆ. ನಮಸ್ಕಾರ.