ಬಾಲ್ ಪೈಥಾನ್ ಮೊಟ್ಟೆಗೆ ಕಾವು: ಕರಾವಳಿಯ ತೇವ, ಬೂಷ್ಟು, ಕೊಳೆತ

ತೆರೆ ಮೇಲೆ ಈಗ ಕಾಣ್ತಿರೋದು ಬಾಲ್ ಪೈಥಾನ್ ಇಟ್ಟಿರೋ ಆರು ಮೊಟ್ಟೆ. ಐದು ಬೆಳ್ಳಗಿವೆ, ಮೂಲೆಯದ್ದರ ಮೇಲೆ ಹಸಿರು ಬೂಷ್ಟು. ಕಿತ್ತು ಬಿಸಾಡಿಬಿಡೋಣ ಅನ್ಸತ್ತೆ. ತಡೀರಿ, ಕೈ ಹಾಕ್ಬೇಡಿ.

ಮೊದಲು ಕಾನೂನು. ಇದು ಆಫ್ರಿಕಾದ ಹಾವು, ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಅನುಬಂಧದಲ್ಲಿದೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರ್ಬೇಕು, ಮರಿ ಹುಟ್ಟಿದ್ದನ್ನೂ ತಿಳಿಸ್ಬೇಕು. ನಮ್ಮೂರ ಹೆಬ್ಬಾವು, ಕೇರೆ ಹಾವಿನ ಮೊಟ್ಟೆ ಗೊಬ್ಬರಗುಂಡಿಯಲ್ಲೋ ದರಕಿನ ರಾಶಿಯಲ್ಲೋ ಸಿಕ್ಕಿದ್ರೆ ಮನೆಗೆ ತರೋ ಹಾಗೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಇದ್ದ ಹಾಗೇ ಮುಚ್ಚಿ, ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ.

ಕಾವು ಪೆಟ್ಟಿಗೆಗೆ ಕಾರವಾರದಲ್ಲಿ ಪರದಾಡೋದೇ ಬೇಡ, ಮೀನಿಗೆ ಐಸ್ ಹಾಕಿಡೋ ಥರ್ಮಾಕೋಲ್ ಪೆಟ್ಟಿಗೆ ಸಾಕು. ಆದ್ರೆ ಹೊಸದೇ ಬೇಕು. ಬಳಸಿದ್ದರಲ್ಲಿ ಮೀನಿನ ವಾಸನೆ ಹೋಗಲ್ಲ, ಆ ವಾಸನೆಗೆ ಸಣ್ಣ ನೊಣ ಬರತ್ತೆ. ಬಿರುಕು ಬಿಟ್ಟ ಒಂದು ಮೊಟ್ಟೆ ಸಿಕ್ಕಿದ್ರೆ ಅದರಲ್ಲೇ ಹುಳ ಆಗತ್ತೆ. ಗಾಳಿ ತೂತುಗಳಿಗೆ ಸಣ್ಣ ಕಣ್ಣಿನ ಬಟ್ಟೆ ಅಂಟಿಸಿ. ಒಳಗೆ ಹೀಟ್ ಕೇಬಲ್, ಹೊರಗೆ ಕಾವು ಹದದಲ್ಲಿಡೋ ಥರ್ಮೋಸ್ಟಾಟ್. ಮೊಟ್ಟೆಗಳನ್ನ ಮುಚ್ಚಳ ಇರೋ ಡಬ್ಬಿಯಲ್ಲಿಟ್ಟು ಈ ಪೆಟ್ಟಿಗೆಯೊಳಗೆ ಇಡೋದು. ಥರ್ಮೋಸ್ಟಾಟ್ ಸೆನ್ಸರ್ ಆ ಡಬ್ಬಿಯ ಒಳಗೇ ಇರ್ಬೇಕು, ಪೆಟ್ಟಿಗೆ ಗೋಡೆಗೆ ತಾಗಿಸಿದ್ರೆ ಲೆಕ್ಕ ತಪ್ಪತ್ತೆ. 31.5 ಡಿಗ್ರಿಗೆ ಇಡಿ, ಪಕ್ಕದಲ್ಲಿ ಬೇರೆ ಥರ್ಮಾಮೀಟರ್ ಒಂದಿರಲಿ. ಖಾಲಿ ಜಾಗದಲ್ಲಿ ನೀರು ತುಂಬಿದ ಬಾಟಲಿಗಳನ್ನ ಇಡಿ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಕಾವು ಹಿಡಿದಿಡೋದು ಅವೇ.

ಕೆಲವು ಗಂಟೆ 26ಕ್ಕೆ ಇಳಿದ್ರೆ ಮೊಟ್ಟೆ ಸಾಮಾನ್ಯವಾಗಿ ತಡ್ಕೊಳ್ಳತ್ತೆ. ಏರಿದ್ರೆ ಮಾತ್ರ ಕಷ್ಟ. 34ರ ಆಚೆ ಹೋದ್ರೆ ಮರಿಯ ಬೆನ್ನುಮೂಳೆ ಸೊಟ್ಟಾಗಬಹುದು, ಸಾಯಲೂಬಹುದು. ಥರ್ಮೋಸ್ಟಾಟ್ ಹೀಟರ್ ನಿಲ್ಲಿಸತ್ತೆ ಹೊರತು ತಣ್ಣಗೆ ಮಾಡಲ್ಲ. ಅದಕ್ಕೇ ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಯ ಮನೆಗಳಲ್ಲಿ ಹೆಂಚಿನ ಕೆಳಗಿನ ಅಟ್ಟ ಬೇಡ, ನೆಲದ ಮೇಲೆ ಒಳಕೋಣೆ ಒಳ್ಳೇದು. ಶಿರಸಿ ಕಡೆಯವರಿಗೆ ಈ ತಲೆಬಿಸಿ ಕಡಿಮೆ.

ಮೊಟ್ಟೆ ಎತ್ತೋ ಮುಂಚೆ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಕೋಳಿ ಮೊಟ್ಟೆ ಹಾಗೆ ಇವನ್ನ ಹೊರಳಿಸಬಾರದು. ಮೊದಲ ಒಂದೆರಡು ದಿನದಲ್ಲೇ ಭ್ರೂಣ ಮೇಲ್ಭಾಗದ ಚಿಪ್ಪಿಗೆ ಅಂಟ್ಕೊಳ್ಳತ್ತೆ, ಆಮೇಲೆ ಹೊರಳಿಸಿದ್ರೆ ಸಾಯಬಹುದು. ಒಂದಕ್ಕೊಂದು ಅಂಟಿದ ಮೊಟ್ಟೆಗಳನ್ನ ಬಿಡಿಸೋಕೆ ಹೋಗ್ಬೇಡಿ, ಗೊಂಚಲಾಗೇ ಇಡಿ.

ನೀರಿನ ಅಳತೆಯಲ್ಲೇ ನಮ್ಮ ಕಡೆ ಹೆಚ್ಚು ಮೊಟ್ಟೆ ಹಾಳಾಗೋದು. ಡಬ್ಬಿಯಲ್ಲಿ ಮೊಟ್ಟೆ ಕೆಳಗೆ ಹಾಸೋದು ವರ್ಮಿಕ್ಯುಲೈಟ್, ಅಂದ್ರೆ ತೇವ ಹಿಡಿದಿಡೋ ಹಗುರ ಖನಿಜದ ಚೂರು. 200 ಗ್ರಾಂ ವರ್ಮಿಕ್ಯುಲೈಟ್‌ಗೆ 200 ಗ್ರಾಂ ನೀರು ಅನ್ನೋದು ಎಲ್ಲರೂ ಹೇಳೋ ಲೆಕ್ಕ. ಕರಾವಳಿಯ ಮಳೆಗಾಲದಲ್ಲಿ 160 ಗ್ರಾಂ ಸಾಕು. ಮುಷ್ಟಿಯಲ್ಲಿ ಹಿಂಡಿದ್ರೆ ಉಂಡೆ ಆಗ್ಬೇಕು, ಹನಿ ಬೀಳಬಾರದು. ಮೇಲೆ ಪ್ಲಾಸ್ಟಿಕ್ ಜಾಲರಿ ಹಾಕಿ ಅದರ ಮೇಲೆ ಮೊಟ್ಟೆ ಇಡಿ. ಮುಚ್ಚಳದಿಂದ ಹನಿ ಬಿದ್ದ ಜಾಗದಲ್ಲೇ ಬೂಷ್ಟು ಶುರುವಾಗೋದು, ಹಾಗಾಗಿ ಡಬ್ಬಿಯ ಒಂದು ಬದಿ ಸ್ವಲ್ಪ ಎತ್ತರಿಸಿ, ಹನಿ ಅಂಚಿಗೆ ಜಾರಲಿ. ವಾರಕ್ಕೊಮ್ಮೆ ಒಂದು ನಿಮಿಷ ಮುಚ್ಚಳ ತೆಗೀರಿ. ಕೊನೆ ಎರಡು ವಾರ ಎರಡು ಮೂರು ದಿನಕ್ಕೊಮ್ಮೆ ತೆಗೀಬೇಕು, ಆಗ ಮರಿಗಳಿಗೆ ಗಾಳಿ ಹೆಚ್ಚು ಬೇಕು.

ಈಗ ಕೆಟ್ಟ ಮೊಟ್ಟೆ. ಹಳದಿ ಬಣ್ಣದ, ಸಣ್ಣ, ಮೇಣದ ಹಾಗೆ ಗಟ್ಟಿ ಇರೋದು ಜೊಳ್ಳು. ಅದಕ್ಕೆ ಜೀವ ಬರಲ್ಲ, ಬಿಡಿಯಾಗಿದ್ರೆ ತೆಗೆದುಬಿಡಿ. ಉಳಿದವನ್ನ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿ, ಕೆಂಪು ನರಗಳು ಕಂಡ್ರೆ ಜೀವ ಇದೆ. ಬೂಷ್ಟು ಬಂದ ಮಾತ್ರಕ್ಕೆ ಮೊಟ್ಟೆ ಸತ್ತಿದೆ ಅಂತಲ್ಲ. ಒಣ ಹತ್ತಿಯಿಂದ ಒರೆಸಿ, ಮುಚ್ಚಳ ಸ್ವಲ್ಪ ಸಡಿಲ ಮಾಡಿ, ಎರಡು ದಿನ ಬಿಟ್ಟು ಮತ್ತೆ ಟಾರ್ಚ್ ಹಿಡೀರಿ. ಚಿಪ್ಪು ಒಳಕ್ಕೆ ಕುಗ್ಗಿ ಗುಂಡಿ ಬಿದ್ರೂ ಹಾಗೇ, ಸತ್ತಿದೆ ಅಂತಲ್ಲ. ಮೊದಲ ತಿಂಗಳಲ್ಲಿ ಬಿದ್ರೆ ಒಣಗಿದೆ ಅಂತ, ಮೊಟ್ಟೆಗೆ ತಾಗದ ಹಾಗೆ ಅಂಚಿನಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ. 45 ದಿನದ ಮೇಲೆ ಬಿದ್ರೆ ಸಹಜ.

ನರ ಇಲ್ಲ, ಬೂದು ಬಣ್ಣ, ಒಸರ್ತಿದೆ, ದುರ್ನಾತ ಬಂತು ಅಂದ್ರೆ ಖಂಡಿತ ಹೋಯ್ತು. ಬಿಡಿ ಮೊಟ್ಟೆ ಎತ್ತಿಬಿಡಿ. ಗೊಂಚಲಿಗೆ ಅಂಟಿದ್ರೆ ಎಳೀಬೇಡಿ, ಪಕ್ಕದ್ದರ ಚಿಪ್ಪು ಹರಿಯತ್ತೆ. ಗ್ಲೌಸ್ ಹಾಕಿ, ಮೇಲೆ ಟಿಶ್ಯೂ ಒತ್ತಿಟ್ಟು ಸಿರಿಂಜ್ ಚುಚ್ಚಿ. ಒಳಗೆ ಅನಿಲ ತುಂಬಿರತ್ತೆ, ಟಿಶ್ಯೂ ಇಲ್ಲದಿದ್ರೆ ಚಿಮ್ಮತ್ತೆ. ದ್ರವ ಎಳೆದು, ಅಂಟಿದ ತುಂಡಷ್ಟನ್ನ ಬಿಟ್ಟು ಉಳಿದ ಚಿಪ್ಪು ಕತ್ತರಿಯಿಂದ ಕತ್ತರಿಸಿ. ಉಳಿದ ತುಂಡು ಅಲ್ಲೇ ಒಣಗತ್ತೆ.

55ರಿಂದ 60 ದಿನಕ್ಕೆ ಮೊದಲ ಮರಿ ಚಿಪ್ಪು ಸೀಳತ್ತೆ. ಅದಾದ ಎರಡು ದಿನಕ್ಕೂ ಸೀಳದ ಮೊಟ್ಟೆಗೆ ಮಾತ್ರ ಮೇಲ್ಭಾಗದಲ್ಲಿ ಸಣ್ಣ ಸೀಳು ಕೊಡಿ. ಜೀವ ಇದ್ರೆ ಹಾಗೇ ಬಿಡಿ, ಭಂಡಾರ, ಅಂದ್ರೆ ಮೊಟ್ಟೆಯ ಹಳದಿ, ಹೀರ್ಕೊಂಡು ತಾನೇ ಬರಲಿ. ಪೂರ್ತಿ ಬೆಳೆದ ಮರಿ ಸತ್ತಿದ್ರೆ ಮೊದಲು ಅತಿ ಕಾವನ್ನ, ಗಾಳಿಯ ಕೊರತೆಯನ್ನ ಅನುಮಾನಿಸಿ. ಬೆರಳುದ್ದ ಇರುವಾಗಲೇ ಸತ್ತಿದ್ರೆ ಶುರುವಿನ ವಾರಗಳ ಕಾವಿನ ಏರಿಳಿತ ನೋಡಿ. ತಾಪಮಾನ ದಿನಾ ಬರೆದಿಟ್ಟಿದ್ರೆ ಗೊತ್ತಾಗತ್ತೆ.

ಕೊಳೆತದ್ದನ್ನ ಎರಡು ಅಡಿ ಆಳದಲ್ಲಿ ಹೂತು ಮೇಲೆ ಕಲ್ಲು ಇಡಿ, ಇಲ್ಲದಿದ್ರೆ ನಾಯಿ ಕೆದಕತ್ತೆ. ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಅಡುಗೆಮನೆ ಸಿಂಕ್‌ನಲ್ಲಿ ಡಬ್ಬಿ ತೊಳೀಬೇಡಿ. ಹೊರಗೆ ಬ್ಲೀಚ್ ನೀರಲ್ಲಿ ತೊಳೆದು ಬಿಸಿಲಿಗೆ ಇಡಿ, ಕೈಗೆ ಸೋಪು ಹಾಕಿ.