ಮಡಿಕೇರಿಯ ಮಳೆಗಾಲಕ್ಕೊಂದು ಎಲೆಕ್ಟ್ರಾನಿಕ್ ಡ್ರಮ್

ನಮಸ್ಕಾರ. ಹಿಂದೆ ಕೇಳಿಸುತ್ತಿರುವುದು ಮಡಿಕೇರಿಯ ಜುಲೈ ಮಳೆ. ನಾಲ್ಕು ದಿನಗಳಿಂದ ಬಿಟ್ಟಿಲ್ಲ.

ಈ ತೇವಕ್ಕೆ ಚರ್ಮದ ವಾದ್ಯಗಳು ಸಡಿಲಗೊಂಡು ಸದ್ದೇ ಸತ್ತುಹೋಗುತ್ತದೆ. ವಾಲಗದವರು ಬೆಂಕಿಯ ಕಾವಿಗೆ ಹಿಡಿದು ಚರ್ಮವನ್ನು ಬಿಗಿಗೊಳಿಸುವುದನ್ನು ನೋಡುತ್ತಲೇ ನಾನು ಬೆಳೆದೆ. ಹುತ್ತರಿಯಲ್ಲಿ ದುಡಿ ಕೇಳಿಸಿದರೆ ಇಂದಿಗೂ ಕೈ ಸುಮ್ಮನಿರುವುದಿಲ್ಲ. ಆದರೆ ಬಾಡಿಗೆ ಮನೆಯ ಮಹಡಿಯಲ್ಲಿ ರಾತ್ರಿ ಒಂಬತ್ತಕ್ಕೆ ಡ್ರಮ್ ಬಾರಿಸಲಾದೀತೇ? ಅದಕ್ಕೇ ಹೆಡ್‌ಫೋನ್‌ನಲ್ಲಿ ಕೇಳುತ್ತ ಬಾರಿಸಬಹುದಾದ ಎಲೆಕ್ಟ್ರಾನಿಕ್ ಡ್ರಮ್ ಕಿಟ್ ಹುಡುಕಿ ಮೈಸೂರಿಗೆ ಹೋದೆ. ತೆಗೆದಿಟ್ಟದ್ದು 50 ಸಾವಿರ. ಅದರಲ್ಲಿ 8 ಸಾವಿರವನ್ನು ಸ್ಟೂಲಿಗೂ ಹೆಡ್‌ಫೋನ್‌ಗೂ ಎಂದು ಮೊದಲೇ ಬೇರೆ ಮಾಡಿದೆ. ಎಷ್ಟೋ ಕಿಟ್‌ಗಳ ಪೆಟ್ಟಿಗೆಯಲ್ಲಿ ಇವೆರಡೂ ಇರುವುದಿಲ್ಲ. ಕೆಲವದರಲ್ಲಿ ಕಾಲಿನ ಪೆಡಲ್ ಕೂಡ ಇರುವುದಿಲ್ಲ, ಕೇಳಿಕೊಳ್ಳಿ.

ಅಂಗಡಿಯಲ್ಲಿ ಮೊದಲು ಹೇಳುವುದೇ ಸದ್ದುಗಳ ಲೆಕ್ಕ. ಅಲೆಸಿಸ್ ಕಂಪನಿಯ ನೈಟ್ರೋ ಮ್ಯಾಕ್ಸ್‌ನಲ್ಲಿ 440 ಸದ್ದುಗಳು, 32 ‘ಕಿಟ್’ಗಳು, ಅಂದರೆ ಒಳಗೇ ಜೋಡಿಸಿಟ್ಟ ಸದ್ದಿನ ಗುಂಪುಗಳು. ಯಮಹಾ ಡಿಟಿಎಕ್ಸ್ 402ರಲ್ಲಿ ಅಂಥ 10 ಗುಂಪುಗಳು. ನಾನು ದಿನವೂ ಬಳಸುವುದು ಎರಡೇ ಎರಡು. ಆದ್ದರಿಂದ ಆ ಲೆಕ್ಕವನ್ನು ಬದಿಗಿಟ್ಟು ಕೋಲು ಕೇಳಿ ಪಡೆದೆ.

ಯಮಹಾದ ಆ ಕಿಟ್‌ನಲ್ಲಿ ಪ್ಯಾಡ್‌ಗಳು, ಅಂದರೆ ಕೋಲಿನಿಂದ ಬಾರಿಸುವ ತಟ್ಟೆಗಳು, ರಬ್ಬರಿನವು. ಗಟ್ಟಿಮುಟ್ಟು, ನಿಜ. ಆದರೆ ಅರ್ಧ ಗಂಟೆ ಬಾರಿಸುವಷ್ಟರಲ್ಲಿ ನನ್ನ ಮಣಿಕಟ್ಟು ನೋಯತೊಡಗಿತು, ಟಕಟಕ ಸದ್ದೂ ಹೆಚ್ಚು. ನೈಟ್ರೋ ಮ್ಯಾಕ್ಸ್‌ನದು ಜಾಲರಿ ಹೊದಿಕೆ. ರೋಲ್ಯಾಂಡ್ ಕಂಪನಿ 1997ರಲ್ಲಿ ಟಿಡಿ-10 ಎಂಬ ತನ್ನ ಎಲೆಕ್ಟ್ರಾನಿಕ್ ಕಿಟ್ ಜೊತೆ ತಂದ ಈ ಬಗೆ ಈಗ ಕಡಿಮೆ ಬೆಲೆಯ ಕಿಟ್‌ಗಳಿಗೂ ಇಳಿದಿದೆ. ಕೋಲು ಅದರ ಮೇಲೆ ಹಗುರಾಗಿ ಪುಟಿಯುತ್ತದೆ, ತೇವಕ್ಕೆ ಜೋತುಬೀಳುವುದೂ ಇಲ್ಲ.

ಈಗ ಪರದೆಯ ಮೇಲಿರುವುದನ್ನು ಗಮನವಿಟ್ಟು ನೋಡಿ. ಸ್ನೇರ್, ಅಂದರೆ ಮುಂದಿನ ಮುಖ್ಯ ಡ್ರಮ್ಮಿನ ಪ್ಯಾಡ್ ಮೇಲೆ ಬೆರಳ ತುದಿಯಷ್ಟು ಮೆಲ್ಲಗೆ ಶುರುಮಾಡಿ, ಸದ್ದನ್ನು ಏರಿಸುತ್ತ ಹೋಗುತ್ತಿದ್ದೇನೆ. ಮೆಲುಪೆಟ್ಟುಗಳು ಕೇಳಿಸದೆ ಹೋದರೆ ಆ ಕಿಟ್ ಬೇಡ. ಆಮೇಲೆ ಹೈ-ಹ್ಯಾಟ್, ಅಂದರೆ ಜೋಡಿ ತಾಳದ ಸದ್ದಿನ ಪ್ಯಾಡನ್ನು, ಅದರ ಪೆಡಲನ್ನು ನಿಧಾನವಾಗಿ ಒತ್ತುತ್ತ ಬಾರಿಸಿ. ತೆರೆದದ್ದು, ಮುಚ್ಚಿದ್ದು, ಇವೆರಡರ ನಡುವೆ ಅರೆತೆರೆದ ಸದ್ದು ಬರಲೇಬೇಕು. ಕೊನೆಗೆ ಟಾಮ್ ಎನ್ನುವ ಇತರ ಡ್ರಮ್ ಪ್ಯಾಡ್‌ಗಳಲ್ಲಿ ಒಂದಕ್ಕೆ ಜೋರಾಗಿ ಹೊಡೆಯಿರಿ. ಪಕ್ಕದ ಪ್ಯಾಡ್ ತಾನಾಗಿ ನುಡಿದರೆ ಕಂಪನ ಸ್ಟ್ಯಾಂಡಿನ ಕೊಳವೆಗಳ ಮೂಲಕ ಅಲ್ಲಿಗೆ ಹೋಗುತ್ತಿದೆ ಎಂದರ್ಥ. ಸದ್ದು ಹೊರಡಿಸುವ ಪೆಟ್ಟಿಗೆಯಾದ ಮಾಡ್ಯೂಲಿನ ಸೆಟ್ಟಿಂಗ್‌ನಲ್ಲಿ ಸರಿಪಡಿಸಬಹುದು, ಅಂಗಡಿಯಲ್ಲೇ ಮಾಡಿಸಿ ತೋರಿಸಲು ಹೇಳಿ.

ಹೀಗೆ ನೈಟ್ರೋ ಮ್ಯಾಕ್ಸ್ ಮನೆಗೆ ಬಂತು. ಹೆಡ್‌ಫೋನ್ ಮಾತ್ರ ತಂತಿಯದೇ ಇರಲಿ. ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಕೈ ಬಿದ್ದ ಮೇಲೆ ಸದ್ದು ತಡವಾಗಿ ಬರುತ್ತದೆ, ತಾಳವೇ ಕೆಡುತ್ತದೆ.

ಹೆಡ್‌ಫೋನ್ ಹಾಕಿದರೆ ಯಾರಿಗೂ ಕೇಳಿಸದು ಎಂದುಕೊಂಡಿದ್ದೆ. ಮೂರನೆಯ ದಿನ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಬಳಿ ನಿಲ್ಲಿಸಿ, "ರಾತ್ರಿ ಹೊತ್ತು ಮೇಲೆ ಏನು ಕುಟ್ಟುತ್ತೀಯಪ್ಪ?" ಎಂದರು. ಕಾಲಲ್ಲಿ ಒತ್ತುವ ಕಿಕ್ ಪೆಡಲಿನ ಪೆಟ್ಟು ನೆಲದೊಳಗಿನಿಂದ ಇಳಿದು ಅವರ ಮಂಚದವರೆಗೂ ಹೋಗುತ್ತಿತ್ತು. ಅವರಿಗೆ ನಿದ್ದೆಯಿಲ್ಲ ಎಂದು ತಿಳಿದಾಗ ಬಹಳ ಬೇಸರವಾಯಿತು. ಆ ವಾರವಿಡೀ ಕಿಟ್ ಮುಟ್ಟಲಿಲ್ಲ.

ಇದು ನಾನೇ ಮಾಡಿದ ಹಲಗೆ. ಎರಡು ಪ್ಲೈವುಡ್, ನಡುವೆ ಹಳೆಯ ಟೆನಿಸ್ ಚೆಂಡುಗಳು. ಕೆಳಗಿನ ಹಲಗೆಯಲ್ಲಿ ಕೊರೆದ ತೂತುಗಳಲ್ಲಿ ಚೆಂಡು ಅರ್ಧ ಮುಳುಗಿ ಕೂರುತ್ತದೆ, ಉರುಳುವುದಿಲ್ಲ. ಕಿಟ್ ಪೂರ್ತಿ ಅದರ ಮೇಲೆಯೇ ನಿಂತಿದೆ, ನನ್ನ ಸ್ಟೂಲು ಸಹ. ಬಾರಿಸದಾಗ ಕಿಟ್ ಮೇಲೆ ಹತ್ತಿಯ ಹೊದಿಕೆ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರಿ ತಿರುಪುಗಳಿಗೆ ತುಕ್ಕು ಹಿಡಿಯುತ್ತದೆ. ಕರೆಂಟು ಹೋಗಿ ಬಂದಾಗ ಮಾಡ್ಯೂಲಿಗೆ ಏಟು ಬೀಳದಿರಲೆಂದು ಬಾರಿಸಿ ಎದ್ದ ಕೂಡಲೇ ಪ್ಲಗ್ ಕಿತ್ತಿಡುತ್ತೇನೆ.

ಹಲಗೆ ಹಾಕಿದ ಮಾರನೆಯ ಬೆಳಿಗ್ಗೆ ಅಜ್ಜಿ ಹೂ ಕೀಳುತ್ತಿದ್ದರು. "ನಿನ್ನೆ ಬಾರಿಸಲಿಲ್ಲವೇನಪ್ಪ?" ಎಂದು ಕೇಳಿದರು.

ಒಂದೂವರೆ ಗಂಟೆ ಬಾರಿಸಿದ್ದೆ.